ತಾಯ್ತನದ ಗುರುತು ಕಳಂಕವಲ್ಲ

ನಮ್ಮ ಊರುಗಳಲ್ಲಿ ಮದುವೆಯ ದಿನಗಳು ಹತ್ತಿರವಾದಾಗ ಹೆಂಗಸರ ಮಾತುಕತೆ ಹಿಂದೆಲ್ಲ ಬಟ್ಟೆ, ಬಂಗಾರ, ಮೆಹಂದಿಗಳ ಸುತ್ತ ಸುತ್ತುತ್ತಿತ್ತು. ಈಗ ಅದಕ್ಕೆ ಹೊಸದೊಂದು ವಿಷಯ ಸೇರಿಕೊಂಡಿದೆ. ನಿಕಾಹ್‌ಗೆ ಮೊದಲು ಮದುಮಗಳ ತಾಯಿಯ ಕೆನ್ನೆ ಬಿಗಿಯಾಗಬೇಕು. ಕೊಲ್ಲಿಯಿಂದ ಪತಿ ರಜೆಯಲ್ಲಿ ಬರುವುದಕ್ಕೆ ಮೊದಲು ಪತ್ನಿಯ ಹೊಟ್ಟೆ ಚಪ್ಪಟೆಯಾಗಬೇಕು. ಅದಕ್ಕಾಗಿ ‘ಆರ್‌ಎಫ್’, ಅಂದರೆ ರೇಡಿಯೊ ಫ್ರೀಕ್ವೆನ್ಸಿ ಎಂಬ ಚಿಕಿತ್ಸೆ. ಕತ್ತಿಯಿಲ್ಲ, ಹೊಲಿಗೆಯಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ ಎಂಬ ಜಾಹೀರಾತುಗಳು ನಮ್ಮ ಸಹೋದರಿಯರ ಮೊಬೈಲುಗಳಿಗೆ ದಿನವೂ ಬಂದು ಬೀಳುತ್ತಿವೆ. ಈಚೆಗೆ ಅದರೊಂದಿಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ: ಇದು ಶಸ್ತ್ರಕ್ರಿಯೆಯಲ್ಲ, ಆದ್ದರಿಂದ ಧರ್ಮದ ಅಡ್ಡಿಯೂ ಇಲ್ಲವಂತೆ.

ಕತ್ತಿಯಿಲ್ಲ ಎಂದಮಾತ್ರಕ್ಕೆ ಪ್ರಶ್ನೆ ಮುಗಿಯುತ್ತದೆಯೇ? ಮುಗಿಯುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಆ ಪ್ರಶ್ನೆಯನ್ನು ಮೊದಲು ಯಾರಿಗೆ ಕೇಳಬೇಕು ಎಂಬಲ್ಲಿ ನಾವು ಅನೇಕ ಉಪದೇಶಕರಿಂದ ಭಿನ್ನವಾಗಿದ್ದೇವೆ. ಕ್ಲಿನಿಕ್‌ನ ಬಾಗಿಲಲ್ಲಿ ಕುಳಿತಿರುವ ಸಹೋದರಿಗೆ ಕೇಳುವುದಕ್ಕಿಂತ ಮೊದಲು, ಅವಳನ್ನು ಅಲ್ಲಿಗೆ ಅಟ್ಟಿದ ಮನೆಯವರಿಗೆ ಅದನ್ನು ಕೇಳಬೇಕಾಗಿದೆ.

ನಮಗೆ ಪರಿಚಿತಳಾದ ಒಬ್ಬ ಸಹೋದರಿಯಿದ್ದಾಳೆ. ಮೂರು ಮಕ್ಕಳ ತಾಯಿ. ಮಹ್ರ್ ಆಗಿ ದೊರೆತ ಬಳೆಗಳಲ್ಲಿ ಎರಡನ್ನು ಮಾರಿ, ಹೊಟ್ಟೆಯ ಚರ್ಮ ಬಿಗಿಗೊಳಿಸುವ ಎಂಟು ಸಿಟ್ಟಿಂಗ್‌ಗಳ ಪ್ಯಾಕೇಜ್ ತೆಗೆದುಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಐದನೆಯ ಸಿಟ್ಟಿಂಗ್‌ನಲ್ಲಿ ಹೊಕ್ಕುಳಿನ ಪಕ್ಕ ಚರ್ಮ ಸುಟ್ಟು ಬೊಬ್ಬೆ ಎದ್ದಾಗ ವಿಷಯ ಹೊರಬಿತ್ತು. ಇದೆಲ್ಲ ಏಕೆ ಮಾಡಿಕೊಂಡೆ ಎಂದು ಮನೆಯ ಹಿರಿಯ ಹೆಂಗಸರು ಗದರಿದಾಗ ಅವಳು ಹೇಳಿದ್ದು ಇಷ್ಟೇ: “ವೀಡಿಯೊ ಕಾಲ್‌ನಲ್ಲಿ ಅವರು ನಗುತ್ತಾ ಕೇಳಿದರು, ಹೊಟ್ಟೆಯಲ್ಲಿ ಇನ್ನೂ ಒಂದು ಮಗು ಉಳಿದಿದೆಯೇ ಅಂತ. ಪಕ್ಕದಲ್ಲಿದ್ದವರೂ ನಕ್ಕರು.” ಗದರುತ್ತಿದ್ದವರು ಸುಮ್ಮನಾದರು. ಆ ದಿನ ನಕ್ಕವರಲ್ಲಿ ಅವರೂ ಇದ್ದರು.

ಈ ಚಿಕಿತ್ಸೆ ನಿಜವಾಗಿ ಏನೆಂಬುದನ್ನು ಅರಿಯದೆ ಅದರ ಕುರಿತು ತೀರ್ಪು ನೀಡುವುದು ನ್ಯಾಯವಲ್ಲ. ರೇಡಿಯೊ ಎಂಬ ಪದ ಕೇಳಿ ಕ್ಯಾನ್ಸರಿಗೆ ನೀಡುವ ವಿಕಿರಣವೆಂದು ಬೆದರಬೇಕಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಚರ್ಮದ ಮೂಲಕ ಹಾಯಿಸಿದಾಗ ಒಳಗಿನ ಅಂಗಾಂಶ ಅದಕ್ಕೆ ತಡೆಯೊಡ್ಡುತ್ತದೆ. ಆ ತಡೆಯಿಂದ ಶಾಖ ಹುಟ್ಟುತ್ತದೆ. ಚರ್ಮಕ್ಕೆ ಬಿಗುವನ್ನು ನೀಡುವ ಕೊಲಾಜನ್ ಎಂಬ ನಾರುಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೆ ಕುಗ್ಗುತ್ತವೆ. ಬಳಿಕ ದೇಹವು ಅದನ್ನೊಂದು ಗಾಯವೆಂದು ಬಗೆದು, ಮುಂದಿನ ಕೆಲವು ತಿಂಗಳುಗಳಲ್ಲಿ ಹೊಸ ಕೊಲಾಜನ್ ಉತ್ಪಾದಿಸುತ್ತದೆ. ಕೊಬ್ಬು ಕರಗಿಸುವ ‘ಬಾಡಿ ಕಾಂಟೂರಿಂಗ್’ನಲ್ಲಿ ಕೊಬ್ಬಿನ ಪದರವನ್ನು ಸುಮಾರು 43ರಿಂದ 45 ಡಿಗ್ರಿಯ ಬಿಸಿಯಲ್ಲಿ ಹಲವು ನಿಮಿಷ ಇರಿಸಿ ಅಲ್ಲಿನ ಜೀವಕೋಶಗಳು ಸಾಯುವಂತೆ ಮಾಡಲಾಗುತ್ತದೆ.

ಈ ಶಕ್ತಿಯು ಮನುಷ್ಯನಿಗೆ ದೊಡ್ಡ ಉಪಕಾರವನ್ನು ಮಾಡಿದೆ. 1926ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮೆದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರು ವಿಲಿಯಂ ಬೋವಿ ರೂಪಿಸಿದ ಯಂತ್ರವನ್ನು ಬಳಸಿ, ಇದೇ ಬಗೆಯ ವಿದ್ಯುತ್ತಿನಿಂದ ರಕ್ತಸ್ರಾವ ತಡೆದು ಗಡ್ಡೆ ತೆಗೆದರು. ಇಂದಿಗೂ ಶಸ್ತ್ರಕ್ರಿಯೆಯ ಕೋಣೆಗಳಲ್ಲಿ ಆ ವಿಧಾನ ನಡೆದುಬಂದಿದೆ. ಹೃದಯದ ಬಡಿತ ತಾಳತಪ್ಪಿದವರಿಗೆ, ಯಕೃತ್ತಿನಲ್ಲಿ ಗಡ್ಡೆಯಿರುವವರಿಗೆ ಇದೇ ಶಾಖದಿಂದ ಚಿಕಿತ್ಸೆ ನೀಡುತ್ತಾರೆ. ಆದ್ದರಿಂದ ಯಂತ್ರವನ್ನು ಹರಾಮ್ ಎಂದು ಕರೆಯುವ ಅವಿವೇಕ ನಮಗೆ ಬೇಡ. 2002ರಲ್ಲಿ ಅಮೆರಿಕದ ಎಫ್‌ಡಿಎ ಕಣ್ಣಿನ ಸುತ್ತಲ ಸುಕ್ಕುಗಳಿಗೆ ಇದರ ಬಳಕೆಯನ್ನು ಒಪ್ಪಿದ ನಂತರ ಇದು ಸೌಂದರ್ಯದ ಮಾರುಕಟ್ಟೆಯಲ್ಲಿ ವೇಗವಾಗಿ ಹರಡಿತು. ಪ್ರಾಣ ಉಳಿಸುವ ಶಾಖವು ಗಲ್ಲದ ಕೆಳಗಿನ ಮಡಿಕೆಯನ್ನು ಅಳಿಸುವ ಸರಕಾಯಿತು.

ಆ ಸರಕಿನ ಗುಣವನ್ನಾದರೂ ಮಾರುವವರು ಸರಿಯಾಗಿ ತಿಳಿಸುತ್ತಾರೆಯೇ? ಪ್ರಾಮಾಣಿಕ ಚರ್ಮವೈದ್ಯರು ಹೇಳುವುದು ಹೀಗೆ: ಇದರ ಫಲ ಅಲ್ಪ ಅಥವಾ ಮಧ್ಯಮ ಮಟ್ಟದ್ದು, ನಿಧಾನವಾಗಿ ಕಾಣುವಂಥದ್ದು, ಶಾಶ್ವತವಲ್ಲದ್ದು. ವಯಸ್ಸು ತನ್ನ ಕೆಲಸವನ್ನು ಮುಂದುವರಿಸುವುದರಿಂದ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ಇದು ತೂಕ ಇಳಿಸುವ ಚಿಕಿತ್ಸೆಯಲ್ಲ. ಹೆರಿಗೆಯ ನಂತರ ಹೊಟ್ಟೆ ಮುಂದೆ ಬಂದಿರುವುದಕ್ಕೆ ಎಷ್ಟೋ ಸಲ ಹೊಟ್ಟೆಯ ಮಧ್ಯದ ಸ್ನಾಯುಗಳು ಅಗಲಿರುವುದು ಕಾರಣವಾಗಿರುತ್ತದೆ. ಚರ್ಮಕ್ಕೆ ಎಷ್ಟೇ ಬಿಸಿ ನೀಡಿದರೂ ಆ ಸ್ನಾಯುಗಳು ಕೂಡಿಕೊಳ್ಳುವುದಿಲ್ಲ. ಅದಕ್ಕೆ ಬೇಕಾದುದು ಫಿಸಿಯೊಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮ, ಸಮಯ ಮತ್ತು ವಿಶ್ರಾಂತಿ. ಈ ಮೂರನ್ನೂ ನಾವು ಆ ತಾಯಿಗೆ ಕೊಡುವುದಿಲ್ಲ. ಪ್ಯಾಕೇಜ್ ಕೊಡಿಸಲು ಸಿದ್ಧರಾಗುತ್ತೇವೆ.

ಅಪಾಯಗಳೂ ಇಲ್ಲದಿಲ್ಲ. ತರಬೇತಿಯಿಲ್ಲದ ಕೈಯಲ್ಲಿ ಚರ್ಮ ಸುಡುತ್ತದೆ, ಕಲೆ ಉಳಿಯುತ್ತದೆ, ಕೆಳಗಿನ ಕೊಬ್ಬು ಕರಗಿ ಕುಳಿ ಬೀಳುತ್ತದೆ. ಪೇಸ್‌ಮೇಕರ್ ಅಳವಡಿಸಿಕೊಂಡವರಿಗೂ ಗರ್ಭಿಣಿಯರಿಗೂ ಇದನ್ನು ಮಾಡಬಾರದು. ಸೂಜಿಗಳ ಮೂಲಕ ಚರ್ಮದೊಳಗೆ ಆರ್‌ಎಫ್ ಹಾಯಿಸುವ ಉಪಕರಣಗಳ ಕೆಲವು ಬಳಕೆಗಳಿಂದ ಸುಟ್ಟಗಾಯ, ಕಲೆ, ಕೊಬ್ಬಿನ ನಷ್ಟ, ವಿರೂಪ ಮತ್ತು ನರಗಳಿಗೆ ಹಾನಿ ಉಂಟಾದ ವರದಿಗಳಿವೆಯೆಂದು ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. ಅದಕ್ಕೂ ಮೊದಲು, 2018ರ ಜುಲೈಯಲ್ಲಿ, ಹೆರಿಗೆಯಾದ ಸ್ತ್ರೀಯರ ಗುಪ್ತಾಂಗಕ್ಕೆ ‘ಪುನರ್ಯೌವನ’ ನೀಡುವುದಾಗಿ ಹೇಳಿ ಲೇಸರ್ ಮತ್ತು ಆರ್‌ಎಫ್ ಯಂತ್ರಗಳನ್ನು ಮಾರುತ್ತಿದ್ದವರ ವಿರುದ್ಧವೂ ಅದು ಎಚ್ಚರಿಕೆ ನೀಡಿತ್ತು. ಈ ಉದ್ದೇಶಕ್ಕೆ ಅಂಥ ಯಾವ ಯಂತ್ರಕ್ಕೂ ತಾನು ಒಪ್ಪಿಗೆ ನೀಡಿಲ್ಲ ಎಂದು ಅದು ಸ್ಪಷ್ಟಪಡಿಸಬೇಕಾಯಿತು. ಹೆಣ್ಣಿನ ಲಜ್ಜೆಯನ್ನು ಲಾಭವಾಗಿ ಪರಿವರ್ತಿಸುವವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇನ್ನು ಧರ್ಮದ ಮಾತು. ನಾವು ಇಲ್ಲಿ ಫತ್ವಾ ನೀಡುತ್ತಿಲ್ಲ; ಅದು ಉಲಮಾಗಳ ಹೊಣೆ. ಆದರೆ ಅವರು ಹಾಕಿಕೊಟ್ಟ ದಾರಿಯನ್ನು ನೆನಪಿಸುವುದು ನಮ್ಮ ಕರ್ತವ್ಯ. ಇಸ್ಲಾಮ್ ಸೌಂದರ್ಯದ ವೈರಿಯಲ್ಲ. ಅಲ್ಲಾಹನು ಸುಂದರನೂ ಸೌಂದರ್ಯವನ್ನು ಪ್ರೀತಿಸುವವನೂ ಆಗಿರುವನೆಂದು ಪ್ರವಾದಿ(ಸ) ಕಲಿಸಿದರು. ಸುಗಂಧ, ಸುರ್ಮಾ, ಗೋರಂಟಿ, ಬಾಚಿದ ಕೂದಲು, ಶುಭ್ರ ಉಡುಪು ಇವೆಲ್ಲ ಅವರ ಚರ್ಯೆಯಲ್ಲಿದ್ದವು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಅವರು ಎಚ್ಚರಿಸಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಎಂಬ ಸಹಾಬಿ ಹಾಕಿಸಿಕೊಂಡಿದ್ದ ಬೆಳ್ಳಿಯ ಮೂಗು ದುರ್ಗಂಧ ಬೀರತೊಡಗಿದಾಗ, ಗಂಡಸರಿಗೆ ನಿಷಿದ್ಧವಾದ ಚಿನ್ನದಿಂದಲೇ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ) ಅನುಮತಿಸಿದರು. ಕಳೆದುದನ್ನು ಮರಳಿ ಪಡೆಯುವುದಕ್ಕೂ ನೋವನ್ನು ನೀಗುವುದಕ್ಕೂ ಶರೀಅತ್ ಎಷ್ಟು ವಿಶಾಲವಾದ ಬಾಗಿಲು ತೆರೆದಿದೆಯೆಂಬುದು ಇದರಿಂದ ತಿಳಿಯುತ್ತದೆ. ಬೆಂಕಿಯಲ್ಲಿ ಬೆಂದವರು, ಅಪಘಾತದಲ್ಲಿ ಮುಖ ಕೆಟ್ಟವರು, ರೋಗದಂಥ ಸ್ಥೂಲಕಾಯ ಇಳಿದ ಮೇಲೆ ಜೋತುಬಿದ್ದ ಚರ್ಮದ ಮಡಿಕೆಗಳಲ್ಲಿ ಹುಣ್ಣಾಗಿ ನರಳುವವರು, ಇವರೆಲ್ಲ ನಿಶ್ಚಿಂತೆಯಿಂದ ವೈದ್ಯರ ಬಳಿಗೆ ಹೋಗಲಿ. ಅವರ ಕಡೆಗೆ ಬೆರಳು ತೋರಿಸುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದೆಡೆ, ಚೆಲುವಿಗಾಗಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವವರ ಕುರಿತು ಕಠಿಣವಾದ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಹಚ್ಚೆ ಹಾಕಿಸಿಕೊಳ್ಳುವುದು, ಅಂದಕ್ಕಾಗಿ ಹಲ್ಲುಗಳನ್ನು ಉಜ್ಜಿ ಸಂದು ಬಿಡಿಸಿಕೊಳ್ಳುವುದು ಅದರಲ್ಲಿ ಸೇರಿವೆ. ಸೃಷ್ಟಿಯನ್ನು ಮಾರ್ಪಡಿಸಲು ಮನುಷ್ಯರನ್ನು ಪ್ರೇರೇಪಿಸುವುದು ಶೈತಾನನ ಶಪಥಗಳಲ್ಲೊಂದೆಂದು ಸೂರಃ ಅನ್ನಿಸಾದಲ್ಲಿ ಬಂದಿದೆ. ಒಐಸಿಯ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2007ರ ಜುಲೈಯಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ್ದಾಗ ಈ ವಿಷಯವನ್ನು ವಿವರವಾಗಿ ಚರ್ಚಿಸಿತು. ಕಾಯಿಲೆಯ ಸ್ಥಿತಿಯಲ್ಲದಿದ್ದರೆ ಸುಕ್ಕುಗಳನ್ನು ಶಸ್ತ್ರಕ್ರಿಯೆಯಿಂದಲೋ ಚುಚ್ಚುಮದ್ದಿನಿಂದಲೋ ತೆಗೆಸುವುದು ಸಮ್ಮತವಲ್ಲವೆಂದು ಅದು ತೀರ್ಮಾನಿಸಿತು. ತೂಕವೇ ರೋಗವಾಗಿದ್ದು ಬೇರೆ ಉಪಾಯವಿಲ್ಲದಿದ್ದರೆ, ಹಾನಿಯ ಭಯವೂ ಇಲ್ಲದಿದ್ದರೆ, ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಗೂ ಅನುಮತಿಯಿದೆಯೆಂದಿತು.

ಮಾರುವವರು ಹಿಡಿದುಕೊಂಡಿರುವ ಎಳೆ ಇಲ್ಲಿಯೇ ಇದೆ. ಶಸ್ತ್ರ ಮತ್ತು ಸೂಜಿಯನ್ನಷ್ಟೇ ಹೆಸರಿಸಲಾಗಿದೆ, ನಮ್ಮಲ್ಲಿ ಎರಡೂ ಇಲ್ಲ, ದೇಹ ತನ್ನ ಕೊಲಾಜನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ ಎಂದು ಅವರು ವಾದಿಸುತ್ತಾರೆ. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ ಎಂಬುದನ್ನು ಒಪ್ಪುತ್ತೇವೆ. ಗುರುತು ಉಳಿಯದ, ರೂಪ ಬದಲಾಗದ, ತಾತ್ಕಾಲಿಕವಾದ ಆರೈಕೆಯನ್ನು ಅಲಂಕಾರದ ಸಾಲಿಗೆ ಸೇರಿಸಬಹುದೆಂದು ಯಾರಾದರೂ ಆಲಿಮ್ ಹೇಳಿದರೆ ನಾವು ಅವರೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಒಂದು ಕೆಲಸ ಸಮ್ಮತವೇ ಎಂಬುದನ್ನು ಬಳಸಿದ ಉಪಕರಣವೊಂದೇ ನಿರ್ಧರಿಸುವುದಿಲ್ಲ. ಅದರ ಉದ್ದೇಶ, ಅದಕ್ಕಾಗುವ ವೆಚ್ಚ, ಅದರಿಂದಾಗುವ ಹಾನಿ, ಅದಕ್ಕಾಗಿ ದಾಟಬೇಕಾದ ಮರ್ಯಾದೆಯ ಗೆರೆ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮರ್ಯಾದೆಯ ಗೆರೆಯನ್ನೇ ನೋಡಿ. ರೋಗಕ್ಕೆ ಚಿಕಿತ್ಸೆ ಪಡೆಯುವಾಗ ಔರತ್ ತೆರೆಯಲು ಅನುಮತಿ ಸಿಗುವುದು ಅನಿವಾರ್ಯತೆಯಿಂದ. ಹೊಟ್ಟೆ, ಸೊಂಟ, ತೊಡೆಗಳನ್ನು ಅಪರಿಚಿತರ ಮುಂದೆ ತೆರೆದು ಮಲಗಲು ಒಂದು ಮದುವೆಯ ಸಮಾರಂಭ ಅನಿವಾರ್ಯವೇ? ‘ಮೊದಲು’ ಮತ್ತು ‘ನಂತರ’ ಎಂದು ತೆಗೆಯುವ ಚಿತ್ರಗಳು ಯಾರ ಮೊಬೈಲಿನಲ್ಲಿ ಉಳಿಯುತ್ತವೆ, ಯಾವ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತವೆ ಎಂದು ಎಷ್ಟು ಮಂದಿ ವಿಚಾರಿಸುತ್ತಾರೆ? ವೆಚ್ಚವನ್ನು ನೋಡಿ. ಸಿಟ್ಟಿಂಗ್ ಒಂದಕ್ಕೆ ಸಾವಿರಗಳಲ್ಲಿ ತೊಡಗುವ ಲೆಕ್ಕ ಪ್ಯಾಕೇಜ್‌ನ ಕೊನೆಗೆ ಲಕ್ಷಕ್ಕೆ ಮುಟ್ಟುವುದುಂಟು. ಕೈಯಲ್ಲಿ ಹಣವಿಲ್ಲದವರಿಗೆ ಕಂತಿನ ಸೌಲಭ್ಯವಿದೆ, ಅದರ ಬೆನ್ನಿಗೆ ಬಡ್ಡಿಯೂ ಇದೆ. ದುಂದುಗಾರರು ಶೈತಾನನ ಬಂಧುಗಳೆಂಬ ಕುರ್‌ಆನಿನ ಎಚ್ಚರಿಕೆಯನ್ನು ಮದುವೆಯ ಊಟದ ತಟ್ಟೆಗಳಿಗೆ ಮಾತ್ರ ಸೀಮಿತಗೊಳಿಸಿದವರು ಯಾರು? ಚರ್ಮ ಒಂದಿಷ್ಟು ಬಿಗಿಯಾಗಲೆಂದು ಬಡ್ಡಿಯ ಹೊರೆ ಹೊರುವುದನ್ನು ಯಾವ ಆಲಿಮ್ ಸಮರ್ಥಿಸಬಲ್ಲರು?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಬರಹ ಸಹೋದರಿಯರಿಗೆ ನೀಡಿದ ಇನ್ನೊಂದು ಉಪದೇಶವಾಗಿ ಉಳಿಯುತ್ತದೆ. ನಾವು ನಿಜವಾಗಿ ಹೇಳಬೇಕಾದುದು ಪುರುಷರಿಗೆ ಮತ್ತು ಮನೆಯ ಹಿರಿಯರಿಗೆ.

ಗರ್ಭ ಹೊತ್ತ ತಾಯಿಯ ಬಳಲಿಕೆಯನ್ನು ನೆನಪಿಸಿಯೇ ಸೂರಃ ಲುಕ್ಮಾನ್ ನಮಗೆ ಮಾತಾಪಿತರಿಗೆ ಕೃತಜ್ಞರಾಗಿರಬೇಕೆಂದು ಆದೇಶಿಸುತ್ತದೆ. ಹೆತ್ತು, ಹಾಲೂಡಿಸಿ ದಣಿದ ದೇಹವನ್ನು ಅಲ್ಲಾಹನು ಕೃತಜ್ಞತೆಗೆ ಕಾರಣವನ್ನಾಗಿ ಮಾಡಿದ್ದಾನೆ. ನಾವು ಅದನ್ನು ಹಾಸ್ಯಕ್ಕೆ ಕಾರಣವನ್ನಾಗಿ ಮಾಡಿಕೊಂಡಿದ್ದೇವೆ. ನಮ್ಮ ಮಗುವಿಗೆ ಮನೆಯಾಗಿದ್ದ ಹೊಟ್ಟೆಯ ಮಡಿಕೆಯನ್ನು ನೋಡಿ ನಾವೇ ನಗುತ್ತೇವೆ. ಆ ನಗುವಿನಿಂದ ಹುಟ್ಟಿದ ಲಜ್ಜೆಯನ್ನು ಕ್ಲಿನಿಕ್‌ನವನು ಹಣವಾಗಿಸಿಕೊಳ್ಳುತ್ತಾನೆ. ಅವನು ಹೊಲ ಉತ್ತವನಲ್ಲ. ನಾವು ಬಿತ್ತಿದ್ದನ್ನು ಕೊಯ್ದುಕೊಂಡು ಹೋಗುವವನು. ಪರಸ್ಪರರನ್ನು ಗೇಲಿ ಮಾಡಬಾರದೆಂಬ ಸೂರಃ ಅಲ್‌ಹುಜುರಾತ್‌ನ ಆಜ್ಞೆ ಬೀದಿಗೆ ಮಾತ್ರ ಅನ್ವಯಿಸುತ್ತದೆಯೇ? ಮಲಗುವ ಕೋಣೆಗೆ, ಅಡುಗೆಮನೆಗೆ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಅನ್ವಯಿಸುವುದಿಲ್ಲವೇ?

ಪ್ರವಾದಿ(ಸ)ರ ಮನೆಯನ್ನು ನೋಡೋಣ. ಒಂದು ಪ್ರಯಾಣದಲ್ಲಿ ಅವರು ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದರು, ಆಯಿಶಾ(ರ) ಗೆದ್ದರು. ಕಾಲ ಕಳೆದು ಅವರ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಟವಾಯಿತು; ಈ ಬಾರಿ ಪ್ರವಾದಿ(ಸ) ಮುಂದಾದರು. ಆಗ ಅವರು ಪತ್ನಿಯ ಮೈಯ ಕುರಿತು ಒಂದು ಮಾತನ್ನೂ ಆಡಲಿಲ್ಲ. ಹಿಂದಿನ ಸೋಲಿಗೆ ಇದು ಸಮವಾಯಿತೆಂದು ನಕ್ಕರು. ಈ ಘಟನೆಯನ್ನು ಆಯಿಶಾ(ರ) ಸ್ವತಃ, ತಮ್ಮ ಮೈ ತುಂಬಿಕೊಂಡಿದ್ದುದನ್ನೂ ಮರೆಮಾಚದೆ, ವರದಿ ಮಾಡಿದ್ದಾರೆ. ಪತಿಯ ನಗುವಿನಲ್ಲಿ ಚುಚ್ಚು ಇದ್ದಿದ್ದರೆ ಆ ನೆನಪು ಇಷ್ಟು ಸಿಹಿಯಾಗಿ ಉಳಿಯುತ್ತಿತ್ತೇ? ಹ. ಖದೀಜಾ(ರ) ನಿಧನರಾಗಿ ಎಷ್ಟೋ ಕಾಲದ ನಂತರವೂ ಪ್ರವಾದಿ(ಸ) ಅವರನ್ನು ಪ್ರೀತಿಯಿಂದ ನೆನೆಯುತ್ತಿದ್ದರು. ಒಮ್ಮೆ ಖದೀಜಾ(ರ)ರ ಮುಪ್ಪನ್ನು, ಹಲ್ಲಿಲ್ಲದ ಬಾಯಿಯನ್ನು ಎತ್ತಿ ಮಾತು ಬಂದಾಗ ಅವರು ಅದನ್ನು ಒಪ್ಪಲಿಲ್ಲ. ಜನರು ತಿರಸ್ಕರಿಸಿದಾಗ ಖದೀಜಾ(ರ) ತಮ್ಮನ್ನು ನಂಬಿದ್ದನ್ನೂ, ತಮ್ಮ ಸಂಪತ್ತಿನಿಂದ ಆಸರೆಯಾದುದನ್ನೂ, ಅಲ್ಲಾಹನು ಅವರ ಮೂಲಕ ಸಂತಾನ ಕರುಣಿಸಿದ್ದನ್ನೂ ನೆನಪಿಸಿದರು. ಒಬ್ಬ ಪತ್ನಿಯನ್ನು ಅಳೆಯಬೇಕಾದ ಅಳತೆಗೋಲು ಅದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸೃಷ್ಟಿಯನ್ನು ಬದಲಿಸುವವರ ಕುರಿತಾದ ಆ ಪ್ರಸಿದ್ಧ ಹದೀಸ್ ಅನ್ನು ನಮಗೆ ತಲಪಿಸಿದವರು ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ). ಅವರು ಸಣಕಲು ಮೈಯವರು. ಒಮ್ಮೆ ಮಿಸ್ವಾಕ್‌ಗಾಗಿ ಮರ ಹತ್ತಿದ್ದಾಗ ಗಾಳಿಗೆ ಬಟ್ಟೆ ಸರಿದು, ಅವರ ಕಡ್ಡಿಯಂಥ ಕಾಲುಗಳನ್ನು ಕಂಡು ಅಲ್ಲಿದ್ದವರು ನಕ್ಕರು. ಪರಲೋಕದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತ ಭಾರವಾಗಿವೆಯೆಂದು ಪ್ರವಾದಿ(ಸ) ತಿಳಿಸಿದರು. ಪ್ರವಾದಿ(ಸ) ಅಂದು ತಿದ್ದಿದ್ದು ನಕ್ಕವರನ್ನು, ಕಾಲು ತೆಳ್ಳಗಿದ್ದವರನ್ನಲ್ಲ. ಇಂದು ನಮ್ಮ ಮಿಂಬರ್‌ಗಳಲ್ಲಿ, ಮನೆಯ ಮಾತುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ನಗುವವರನ್ನು ಬಿಟ್ಟು, ನಗೆಗೀಡಾಗಿ ಚಿಕಿತ್ಸೆಗೆ ಓಡಿದವಳನ್ನು ಹಿಡಿದು ಹರಾಮ್ ಹಲಾಲ್‌ಗಳ ಪಾಠ ಹೇಳುತ್ತಿದ್ದೇವೆ.

“ಪತಿಗಾಗಿ ಪತ್ನಿ ಅಲಂಕರಿಸಿಕೊಳ್ಳಬೇಡವೇ?” ಎಂದು ಕೇಳುವವರಿದ್ದಾರೆ. ಅಗತ್ಯವಾಗಿ ಅಲಂಕರಿಸಿಕೊಳ್ಳಲಿ. ಆದರೆ ಪತ್ನಿ ತನಗಾಗಿ ಸಿಂಗರಿಸಿಕೊಳ್ಳುವುದು ತನಗೆ ಇಷ್ಟವಾಗುವಂತೆಯೇ ತಾನೂ ಅವಳಿಗಾಗಿ ಸಿಂಗರಿಸಿಕೊಳ್ಳಲು ಇಷ್ಟಪಡುತ್ತೇನೆಂದು ಹ. ಇಬ್ನು ಅಬ್ಬಾಸ್(ರ) ಹೇಳಿದ್ದಾಗಿ ವರದಿಯಾಗಿದೆ. ಹೊಟ್ಟೆ ಬೆಳೆಸಿಕೊಂಡು, ತಲೆ ನರೆತು, ಹಲ್ಲು ಕಂದಿದ ಪತಿಯನ್ನು ಅವಳು ಎಂದಾದರೂ ಕ್ಲಿನಿಕ್‌ಗೆ ಅಟ್ಟಿದ್ದಾಳೆಯೇ? ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವನು ವಿಮಾನ ನಿಲ್ದಾಣದಲ್ಲಿ ಕಾಣಬೇಕಾದುದು ತಾನು ಬಿಟ್ಟುಹೋದ ಹದಿಹರೆಯದ ಮದುಮಗಳನ್ನಲ್ಲ. ಅವನಿಲ್ಲದ ಇರುಳುಗಳಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ನಡೆದಾಡಿದ ತಾಯಿಯನ್ನು ಕಾಣಬೇಕು.

ಅವಳ ದೇಹದ ಕುರಿತು ನಿಜವಾದ ಕಾಳಜಿ ಇದ್ದರೆ ಮಾಡಬೇಕಾದ ಕೆಲಸಗಳಿಗೆ ಕೊರತೆಯಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಚರ್ಮದ ಬಿಗುವನ್ನು ಅಳೆಯುವ ಮೊದಲು ಅವಳ ರಕ್ತದ ಹಿಮೋಗ್ಲೋಬಿನ್ ಅಳೆಸೋಣ. ಥೈರಾಯ್ಡ್, ಸಕ್ಕರೆ ಕಾಯಿಲೆಗಳ ಪರೀಕ್ಷೆ ಮಾಡಿಸೋಣ. ಬಾಣಂತನದ ನಲುವತ್ತು ದಿನಗಳ ನಂತರವೂ ಅವಳಿಗೆ ವಿಶ್ರಾಂತಿ ಬೇಕೆಂಬುದನ್ನು ಅತ್ತೆ, ನಾದಿನಿಯರು ಒಪ್ಪಿಕೊಳ್ಳಲಿ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿ ನಿಲ್ಲಲಿ. ದಿನಕ್ಕೆ ಅರ್ಧ ಗಂಟೆ ಮಕ್ಕಳನ್ನು ಯಾರಾದರೂ ನೋಡಿಕೊಂಡರೆ ಅವಳು ನಡೆದಾಡಿ ಬರಬಲ್ಲಳು. ಇವುಗಳಲ್ಲಿ ಯಾವುದಕ್ಕೂ ಬಳೆ ಮಾರಬೇಕಾಗಿಲ್ಲ. ಇಷ್ಟೆಲ್ಲ ಆದ ಮೇಲೂ ಚಿಕಿತ್ಸೆ ಬೇಕೆನಿಸಿದರೆ, ಅರ್ಹ ಚರ್ಮವೈದ್ಯರನ್ನು ಕಂಡು, ವಿಶ್ವಾಸಾರ್ಹ ಆಲಿಮರನ್ನು ವಿಚಾರಿಸಿ, ಪತಿಪತ್ನಿಯರು ಕೂಡಿ ನಿರ್ಧರಿಸಲಿ. ಗುಟ್ಟಾಗಿ, ಸಾಲ ಮಾಡಿ, ಭಯದಿಂದ ನಿರ್ಧರಿಸುವ ಗತಿ ಅವಳಿಗೆ ಬಾರದಿರಲಿ.

ಆ ಸಹೋದರಿಯ ಹೊಕ್ಕುಳಿನ ಪಕ್ಕದ ಗಾಯ ಈಗ ಮಾಗಿದೆ. ಕಪ್ಪು ಕಲೆಯೊಂದು ಉಳಿದಿದೆ. ಮೂರು ಮಕ್ಕಳು ಬಿಟ್ಟುಹೋದ ಗೆರೆಗಳ ನಡುವೆ ಒಂದು ನಗೆಮಾತು ಬಿಟ್ಟುಹೋದ ಗುರುತು ಅದು. ಆ ಗೆರೆಗಳಿಗೆ ಅಲ್ಲಾಹನ ಬಳಿ ಪ್ರತಿಫಲವಿದೆಯೆಂಬುದು ನಮ್ಮ ನಿರೀಕ್ಷೆ. ಆ ಕಲೆಗೆ ನಾಳೆ ಪರಲೋಕದಲ್ಲಿ ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ನಕ್ಕವರೆಲ್ಲರೂ ಯೋಚಿಸಲಿ.

ಅಲ್ಲಾಹನು ನಮ್ಮ ರೂಪವನ್ನಾಗಲಿ ಸಂಪತ್ತನ್ನಾಗಲಿ ನೋಡದೆ ಹೃದಯವನ್ನೂ ಕರ್ಮವನ್ನೂ ನೋಡುವವನೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಮ್ಮ ಮನೆಯವರ ಮುಖಗಳನ್ನು ಆ ದೃಷ್ಟಿಯಿಂದ ನೋಡುವ, ನಮ್ಮ ನಾಲಗೆಗಳಿಂದ ಅವರಿಗೆ ನೋವಾಗದಂತೆ ಬಾಳುವ ತೌಫೀಕ್ ಅನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.